ಒಂದು ನಮೂನಿ

ನಾನು ನಿವೃತ್ತನಾದ ಕಂಪನಿಯವರು ಹೊಸದಾಗಿ ಕೆಲಸಕ್ಕೆ ಸೇರುವವರಿಗಾಗಿ ಒಂದು ಪುಸ್ತಿಕೆ ಮಾಡುತ್ತಿದ್ದಾರಂತೆ. "ನಿಮ್ಮ ಆ ನಮೂನಿ ಜೋಕು ಬರೆದುಕೊಡಿ ಸರ್, ಎಲ್ಲರಿಗೂ ಇಷ್ಟ" ಎಂದು ಫೋನು ಬಂತು. ತರಬೇತಿಗೆ ಬಂದ ಪ್ರತಿ ತಂಡಕ್ಕೂ ನಾನು ಆ ಜೋಕು ಹೇಳಿದ್ದೇನೆ. ನಾನೊಮ್ಮೆ ತೊಗರಿಕಾಳಿನ ಸರಕು ಪರೀಕ್ಷೆಗೆ ಹೋಗಿದ್ದೆ. ಅಲ್ಲಿ ಕಾಳು ಆರಿಸುವ ಹೆಂಗಸೊಬ್ಬಳು ಒಂದು ಮುಷ್ಟಿ ಕಾಳು ನೋಡಿ "ಎಲ್ಲಾ ಒಂದ್ ನಮೂನಿ ಅದಾವ್ರಿ" ಎಂದಳು. ಎಲ್ಲ ಕಾಳೂ ಒಂದೇ ತರ ಇವೆ ಎಂದು ತಿಳಿದುಕೊಂಡು ನಾನು ವರದಿಯಲ್ಲಿ "ಏಕರೂಪ" ಎಂದು ಬರೆದೆ. ಆಕೆ ಹೇಳಿದ್ದು "ಯಾಕೋ ಸರಿಯಿಲ್ಲ" ಎಂದು. ನಮ್ಮ ಕಡೆ ಜ್ವರ ಬರುವ ಮುಂಚೆ ಮೈ ಒಂದು ನಮೂನಿ ಆಗುತ್ತದೆ. ಗಂಡ ಹೆಂಡತಿ ಜಗಳವಾಡಿದ ಮರುದಿನ ಮನೆ ಒಂದು ನಮೂನಿ ಇರುತ್ತದೆ. ಇದನ್ನು ಕೇಳಿ ಬೆಂಗಳೂರು ಮಂಗಳೂರಿನ ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಬರೆಯಲು ಕೂತೆ. ಎರಡು ಸಲ ಹಾಳೆ ಹರಿದು ಹಾಕಿದೆ. ಆ ಜೋಕಿನಲ್ಲಿ ಒಂದು ಸುಳ್ಳಿದೆ. ಬಾಯಲ್ಲಿ ಹೇಳುವಾಗ ಅದು ಸಲೀಸಾಗಿ ದಾಟಿಹೋಗುತ್ತಿತ್ತು, ಬರೆಯುವಾಗ ಕೈ ನಿಲ್ಲುತ್ತದೆ. ಹಾಗಾಗಿ ಜೋಕು ಕೇಳಿದವರಿಗೆ ಇದು ಜೋಕಿನ ಪೂರ್ತಿ ಕತೆ. ಓದಿ ನಗು ಬರದಿದ್ದರೆ ನನ್ನನ್ನು ಬೈಯಬೇಡಿ.

ನನ್ನೂರು ಸುರಪುರ. ಪದವಿ ಮುಗಿಸಿ, ಮುಂಬಯಿ ಬಂದರಿನಲ್ಲಿ ಸರಕು ಪರೀಕ್ಷೆ ಮಾಡುವ ಒಂದು ಖಾಸಗಿ ಕಂಪನಿಗೆ ಸೇರಿದೆ. ನಮ್ಮ ಕೆಲಸ ಹೇಳಲು ಸುಲಭ. ಮಾರುವವನು ಒಂದು ದೇಶದಲ್ಲಿ, ಕೊಳ್ಳುವವನು ಇನ್ನೊಂದು ದೇಶದಲ್ಲಿ. ಒಬ್ಬರ ಮುಖ ಒಬ್ಬರು ನೋಡಿರುವುದಿಲ್ಲ. ನಡುವೆ ನಿಂತು ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಒಂದು ಮುಷ್ಟಿ ಕಾಳು ತೆಗೆದು, ಇದು ಚಲೋದು, ಇದು ಕೆಟ್ಟದ್ದು ಎಂದು ರುಜು ಹಾಕುವವನು ಪರೀಕ್ಷಕ. ಆ ಒಂದು ಮುಷ್ಟಿಗೆ ಕಾಗದದಲ್ಲಿ ನಮೂನೆ ಎನ್ನುತ್ತೇವೆ. ಸಾವಿರ ಚೀಲದ ಹಣೆಬರಹ ಅದರಲ್ಲಿರುತ್ತದೆ. ಆ ಚೀಲಗಳನ್ನು ನಂಬಿದವರದ್ದೂ ಅದರಲ್ಲೇ ಇರುತ್ತದೆ ಎಂಬುದನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿರಲಿಲ್ಲ.

ನನ್ನ ಮೇಲಧಿಕಾರಿ ಮುನಾಫ್ ಸಾಹೇಬರು ಗುರುಮಠಕಲ್ ಕಡೆಯವರು. ಬಂದರಿನಲ್ಲಿ ಎಲ್ಲರ ಜೊತೆ ಹಿಂದಿ, ನನ್ನ ಜೊತೆ ಮಾತ್ರ ನಮ್ಮ ಕಡೆಯ ಕನ್ನಡ. ಬೈಯಲು ಅವರಿಗೆ ಕನ್ನಡವೇ ಬೇಕಿತ್ತು. ಸೇರಿದ ಮೊದಲ ವಾರ ಆಫ್ರಿಕಾದಿಂದ ಬಂದ ತೊಗರಿಯ ಕಂಟೇನರನ್ನು ನನ್ನ ಪಾಲಿಗೆ ಬಿಟ್ಟರು. ಒಳಗೆ ಬೆಂಕಿಯಂಥ ಸೆಕೆ. ನಾನು ಬಾಗಿಲ ಬಳಿಯ ಹತ್ತು ಚೀಲಕ್ಕೆ ಕೊಳವೆ ಚುಚ್ಚಿ, ಕಾಳು ಬಂಗಾರದಂತಿದೆ ಎಂದು ಬರೆದು ತಂದುಕೊಟ್ಟೆ. ಸಾಹೇಬರು ನನ್ನ ಅಂಗಿ ನೋಡಿದರು. ಅಂಗಿಗೆ ಧೂಳೇ ಹತ್ತಿರಲಿಲ್ಲ.

"ಸೂಗಪ್ಪ, ಮಾರಾವ ಚಲೋ ಮಾಲು ಬಾಗಿಲಿಗೇ ಇಡ್ತಾನ. ಒಳಗ ಏನ್ ಅದ ಅಂತ ನೋಡಾಕ ನಿನಗ ಪಗಾರ ಕೊಡ್ತಾರ. ಬಾಗಿಲ ನೋಡಿ ಹೆಣ್ಣು ಕೊಡೋರು ಅದಾರೇನು ನಿಮ್ಮೂರಾಗ?"

ಪೂರ್ತಿ ಕಂಟೇನರು ಖಾಲಿ ಮಾಡಿಸಿದರು. ಹಿಂದಿನ ಸಾಲಿನ ಚೀಲಗಳು ಹಡಗಿನಲ್ಲಿ ನೀರು ಕುಡಿದು ಬೂಸ್ಟು ಹಿಡಿದಿದ್ದವು. ನಾಲ್ಕು ಮೂಲೆ, ನಡು, ತಳ, ಎಲ್ಲ ಕಡೆಯಿಂದ ನಮೂನೆ ತೆಗೆಯಬೇಕು ಎಂದು ಅಂದು ಕಲಿತೆ. ಇದನ್ನು ನಿಮಗೂ ಮೊದಲ ದಿನವೇ ಹೇಳಿಕೊಟ್ಟಿರುತ್ತಾರೆ.

ಅವರ ಎರಡನೆಯ ಪಾಠವನ್ನು ಯಾರೂ ಹೇಳಿಕೊಡುವುದಿಲ್ಲ. ಇನ್ನೊಮ್ಮೆ ಒಬ್ಬ ಮುದುಕ ಹಮಾಲ ಚೀಲ ಹೊತ್ತು ಹೋಗುತ್ತ, ಇವತ್ತಿನ ಚೀಲ ಬೆನ್ನ ಮೇಲೆ ಸರಿಯಾಗಿ ಕೂಡುತ್ತಿಲ್ಲ ಎಂದು ಗೊಣಗಿದ. ನಾನು ಕೇಳಿಯೂ ಕೇಳದವನಂತೆ ನಿಂತೆ. ಸಾಹೇಬರು ಅವನನ್ನು ಕೂರಿಸಿ, ಬೀಡಿ ಕೊಟ್ಟು, ಅದನ್ನೇ ಮತ್ತೊಮ್ಮೆ ಹೇಳಿಸಿದರು. ಚೀಲ ಬಿಚ್ಚಿಸಿದರೆ ನಡುವಿನಲ್ಲಿ ಕಲ್ಲುಪುಡಿ. ಅಂದು ಅವರು ಹೇಳಿದ್ದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ. "ಕಾಳಿನಾಗ ಕೈ ಇಟ್ಟು ಜೀವನಾ ಮಾಡೋರು ಏನರೆ ಅಂದ್ರ ಎರಡು ಸಲ ಕೇಳು. ಒಂದ್ ಸಲ ನಿನ್ನ ಕಿವಿಗೆ, ಇನ್ನೊಂದ್ ಸಲ ಕಾಗದಕ್ಕ."

ನಡುವಿನ ವರ್ಷಗಳ ಬಡ್ತಿ, ಬದಲಿ ಬಿಡುತ್ತೇನೆ. ಅವು ನನ್ನ ಹೆಂಡತಿಗೂ ನೆನಪಿಲ್ಲ. ಕೊನೆಗೆ ಊರ ಹತ್ತಿರ ಕಳಿಸಿ ಎಂದು ಬೇಡಿಕೊಂಡು ಯಾದಗಿರಿಗೆ ಬಂದೆ. ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆಯ ಗಿರಣಿಗಳಿಗೆ ಬರುವ ಸರಕು ನನ್ನ ಪಾಲಿಗೆ ಬಂತು. ತೊಗರಿ ಬೆಳೆಯುವ ನಾಡಿಗೆ ಕಡಲಾಚೆಯಿಂದ ತೊಗರಿ ಯಾಕೆ ಬರಬೇಕು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ಉತ್ತರ ಕೊಟ್ಟವರು ಶಹಾಪುರದ ಸಂಗಣ್ಣ ಸಾವುಕಾರರು.

ಸಂಗಣ್ಣ ಸಾವುಕಾರರ ತಂದೆಯ ಕಾಲದಲ್ಲಿ ಅವರದ್ದೊಂದು ಬೇಳೆ ಗಿರಣಿ ಇತ್ತು. ಹೊರಗಿನಿಂದ ಪಾಕೀಟು ಕಟ್ಟಿದ ಬೇಳೆ ಅಂಗಡಿಗೆ ಬರತೊಡಗಿದ ಮೇಲೆ ಅದು ನಿಂತುಹೋಯಿತು. ತೊಗರಿ ನಮ್ಮದು, ಒಡೆಯುವವರು ಬೇರೆ ಊರವರು, ಕೊಳ್ಳುವವರು ಮತ್ತೆ ನಾವೇ. ಗಿರಣಿಯಲ್ಲಿ ಕಾಳು ಆರಿಸುತ್ತಿದ್ದ ಹೆಂಗಸರು ಇಟ್ಟಿಗೆ ಹೊರಲು, ರಸ್ತೆ ಕೆಲಸಕ್ಕೆ ಜಲ್ಲಿ ಒಡೆಯಲು ಹೋದರು. ಹತ್ತು ಹನ್ನೆರಡು ವರ್ಷ ಬೀಗ ಹಾಕಿದ್ದ ಆ ಗಿರಣಿಯನ್ನು ಸಾವುಕಾರರು ಸಾಲ ತಂದು, ಹೊಸ ಯಂತ್ರ ಕೂರಿಸಿ, ಮತ್ತೆ ತೆರೆದರು. ಹಳೆಯ ಹೆಂಗಸರಲ್ಲಿ ಬದುಕಿದ್ದವರನ್ನೆಲ್ಲ ಮನೆ ಮನೆಗೆ ಹೋಗಿ ಕರೆದರು. ಮೂವತ್ತು ಜನ ಬಂದರು.

ಸುಗ್ಗಿಯಿಂದ ಬೇಸಿಗೆಯವರೆಗೆ ಊರ ತೊಗರಿಯಿಂದ ಗಿರಣಿ ನಡೆಯಿತು. ಮಳೆಗಾಲಕ್ಕೆ ಕಾಳು ಮುಗಿಯುತ್ತದೆ. ಮಳೆಗಾಲದ ನಾಲ್ಕು ತಿಂಗಳು ಗಿರಣಿ ನಿಂತರೆ ಹೆಂಗಸರು ಮತ್ತೆ ಚೆದುರುತ್ತಾರೆ, ಬೇಳೆ ಕೊಳ್ಳುವ ಅಂಗಡಿಗಳೂ ಬೇರೆಯವರ ಕೈಗೆ ಹೋಗುತ್ತವೆ. ಆ ನಾಲ್ಕು ತಿಂಗಳಿಗಾಗಿ ಕಡಲಾಚೆಯ ಕಾಳು.

"ಹಡಗಿನ ಮ್ಯಾಲ ಇರೋತನಕ ಸೋವಿ ರೀ ಸೂಗಪ್ಪನವರ, ದಡಾ ಹತ್ತಿದ ಮ್ಯಾಲ ತುಟ್ಟಿ" ಎನ್ನುತ್ತಿದ್ದರು ಸಾವುಕಾರರು. ಹಡಗಿನ ಬಾಡಿಗೆ, ಸುಂಕ, ಬಂದರಿನಲ್ಲಿ ನಿಂತ ಒಂದೊಂದು ದಿನದ ಬಾಡಿಗೆ, ಹುಳ ಹಿಡಿಯದಂತೆ ಹೊಗೆ ಹಾಕಿದ ಖರ್ಚು, ಲಾರಿ. "ಬೋನಾಳ ಕೆರಿಗೆ ನೋಡ್ರಿ, ಕಡಲು ದಾಟಿ ಹಕ್ಕಿ ಬರ್ತಾವ. ಸುಂಕಿಲ್ಲ, ನಿಮ್ಮಂಥೋರ ರುಜು ಇಲ್ಲ." ಹೀಗೆ ಕಾಲೆಳೆಯುವ ಮನುಷ್ಯ. ಆದರೂ ಗಿರಣಿಯ ಮಾತು ಬಂದರೆ ನಗು ನಿಂತುಬಿಡುತ್ತಿತ್ತು. ಈ ಮಳೆಗಾಲ ಒಂದು ದಾಟಿದರೆ ಗಿರಣಿ ಉಳಿಯುತ್ತದೆ ಎಂಬುದು ಅವರ ಲೆಕ್ಕ. 

ಕಾಳು ಆರಿಸುವ ಹೆಂಗಸರಿಗೆ ಸಾಬಮ್ಮ ಹಿರಿಯಳು. ಭೀಮಾ ದಂಡೆಯ ಮೀನು ಹಿಡಿಯುವ ಮನೆಯವಳು, ಗಂಡ ತೀರಿದ ಮೇಲೆ ಶಹಾಪುರಕ್ಕೆ ಬಂದು ನೆಲೆಸಿದ್ದಳು. ಅಂದಿನಿಂದ ಹಳೆಯ ಗಿರಣಿಯಲ್ಲಿ ಮೊರ ಹಿಡಿದವಳು. ಕಾಳನ್ನು ಮೊರದಲ್ಲಿ ಹಾಕಿ ಎರಡು ಸಲ ಚಿಮ್ಮಿದರೆ ಸಾಕು, ಸಪ್ಪಳದಿಂದಲೇ ಹಸಿ ಒಣಗು ಹೇಳುತ್ತಿದ್ದಳು. ನನ್ನ ಬಳಿ ತೇವ ಅಳೆಯುವ ಯಂತ್ರ ಇತ್ತು. ಬೇಸಿಗೆಯಲ್ಲಿ ಊರ ತೊಗರಿ ಪರೀಕ್ಷೆಗೆ ಹೋದಾಗಲೆಲ್ಲ ನಾವಿಬ್ಬರೂ ಪಂದ್ಯ ಕಟ್ಟುತ್ತಿದ್ದೆವು. ಯಂತ್ರ ಗೆದ್ದದ್ದು ನನಗೆ ನೆನಪಿಲ್ಲ.

ಕಡಲಾಚೆಯ ಕಾಳು ಬಂದದ್ದು ಮೊದಲ ಮಳೆ ಬಿದ್ದ ವಾರ. ಗಿರಣಿಯ ಬಾಗಿಲಲ್ಲಿ ನಮ್ಮ ಕಂಪನಿಯ ಪರೀಕ್ಷೆ ಆಗಬೇಕು, ನಾವು ಒಪ್ಪಿದರೆ ಸರಕು ಸಾವುಕಾರರದ್ದು, ಒಪ್ಪದಿದ್ದರೆ ಮಾರಿದವನು ವಾಪಸು ಒಯ್ಯಬೇಕು ಎಂದು ಕರಾರು. ನನ್ನ ರುಜುವಾದ ಮೇಲೆ ಯಾರೂ ಯಾರನ್ನೂ ಕೇಳುವಂತಿಲ್ಲ.

ಇದುವರೆಗೆ ಹೇಳಿದ್ದು ಜೋಕಿನಲ್ಲಿ ಇರಲಿಲ್ಲ. ಇನ್ನು ಜೋಕಿನಲ್ಲಿ ಹೇಳುತ್ತಿದ್ದಂತೆಯೇ ಹೇಳುತ್ತೇನೆ, ಉಳಿದದ್ದು ಕೊನೆಗೆ.

ನಾನು ಹೋದಾಗ ಮಧ್ಯಾಹ್ನ ಇಳಿದಿತ್ತು. ಅಂಗಳದಲ್ಲಿ ಲಾರಿಗಳು ಸಾಲಾಗಿ ನಿಂತಿದ್ದವು. ಹದಿನೈದು ದಿನದಿಂದ ಖಾಲಿ ಇದ್ದ ಗಿರಣಿ. ಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದಿದ್ದರು. ಮೂವತ್ತು ಜನ ಹೆಂಗಸರು ಒಗೆದ ಸೀರೆ ಉಟ್ಟು, ಗೋಡೆಗೆ ಒರಗಿ, ನನ್ನ ಕೈಯಲ್ಲಿದ್ದ ಕೊಳವೆಯನ್ನೇ ನೋಡುತ್ತಿದ್ದರು. ಸಾವುಕಾರರು ಚಹಾ ತರಿಸಿದರು. ಮತ್ತೇನೂ ಕೊಡಲಿಲ್ಲ. ಅವರು ಅಂಥವರಲ್ಲ, ನಾನೂ ಅಂಥವನಲ್ಲ. ಇದನ್ನು ಬರೆಯಲೇಬೇಕು, ಯಾಕೆಂದರೆ ಈ ಕತೆಯಲ್ಲಿ ಯಾರೂ ಕೆಟ್ಟವರಿಲ್ಲ, ಮಾರಿದವನೊಬ್ಬನನ್ನು ಬಿಟ್ಟರೆ.

ನಾಲ್ಕು ಮೂಲೆ, ನಡು, ತಳ. ಒಂದನ್ನೂ ಬಿಡದೆ ಚುಚ್ಚಿದೆ. ಕಾಳು ಮಿರಿಮಿರಿ ಮಿಂಚುತ್ತಿತ್ತು. ಯಂತ್ರದಲ್ಲಿ ತೇವ ಸರಿ ಇತ್ತು. ಹುಳ ಇರಲಿಲ್ಲ, ಕಲ್ಲು ಇರಲಿಲ್ಲ. ಎಲ್ಲ ಮುಗಿಸಿ, ವಾಡಿಕೆಯಂತೆ ಒಂದು ಮುಷ್ಟಿ ಸಾಬಮ್ಮನ ಮೊರಕ್ಕೆ ಹಾಕಿದೆ. ಆಕೆ ಚಿಮ್ಮಿದಳು. ಇನ್ನೊಮ್ಮೆ ಚಿಮ್ಮಿದಳು. ಒಂದು ಕಾಳು ಹಲ್ಲಿನ ನಡುವೆ ಇಟ್ಟು ಕಡಿದಳು. ಗೋಡೆಯ ಬಳಿ ನಿಂತ ಹೆಂಗಸರನ್ನು ಒಮ್ಮೆ ನೋಡಿ, ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಹೇಳಿದಳು:

"ಎಲ್ಲಾ ಒಂದ್ ನಮೂನಿ ಅದಾವ್ರಿ ಸಾಹೇಬ್ರ."

ನಾನು ವರದಿಯಲ್ಲಿ "ಸರಕು ಏಕರೂಪ, ಒಪ್ಪಿದೆ" ಎಂದು ಬರೆದು ರುಜು ಹಾಕಿದೆ. ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು. ನಾನು ಸುರಪುರದ ಬಸ್ಸು ಹತ್ತಿದಾಗ ಮಲಗಿದ ಬುದ್ಧನ ಗುಡ್ಡದ ಮೇಲೆ ಮೋಡ ಕವಿದಿತ್ತು.

ಕಾಳು ಹಳೆಯದು. ಎಷ್ಟೋ ವರ್ಷ ಯಾವುದೋ ಗೋದಾಮಿನಲ್ಲಿ ಬಿದ್ದಿದ್ದನ್ನು ತೊಳೆದು, ಒಣಗಿಸಿ, ಎಣ್ಣೆ ಸವರಿ ಹೊಳಪು ಕೊಟ್ಟಿದ್ದರು. ಯಂತ್ರಕ್ಕೆ ತೇವ ಮಾತ್ರ ತಿಳಿಯುತ್ತದೆ, ವಯಸ್ಸು ತಿಳಿಯುವುದಿಲ್ಲ. ಗಿರಣಿಗೆ ಹಾಕಿದರೆ ಅರ್ಧ ನುಚ್ಚಾಯಿತು. ಉಳಿದದ್ದನ್ನು ಅಂಗಡಿಗೆ ಕಳಿಸಿದರು. ವಾರದಲ್ಲಿ ದೂರು ಬರತೊಡಗಿತು, ಎಷ್ಟು ಕುದಿಸಿದರೂ ಬೇಳೆ ಬೇಯುವುದಿಲ್ಲ ಎಂದು. ಬೇಳೆ ಬೇಯದು ಎಂಬ ಮಾತನ್ನು ಊರ ಕಟ್ಟೆಯ ಮೇಲೆ ಸಾವಿರ ಸಲ ಕೇಳಿದ್ದೆ. ನಿಜವಾಗಿಯೂ ಬೇಯದ ಬೇಳೆಯನ್ನು ನನ್ನ ಮನೆಯ ಕುಕ್ಕರಿನಲ್ಲೇ ಕಂಡೆ. ಎಂಟು ಸೀಟಿ ಆದ ಮೇಲೂ ಅದು ತಟ್ಟೆಯಲ್ಲಿ ಟಣ್ಣೆಂದಿತು. ನನ್ನ ಹೆಂಡತಿ ಉಪ್ಪಿನಕಾಯಿ ತಂದಿಟ್ಟಳು.

ಸಾವುಕಾರರು ಮಾರಿದವನಿಗೆ ಬರೆದರು. ಅವನು ಉತ್ತರವಾಗಿ ಒಂದೇ ಕಾಗದ ಕಳಿಸಿದ. ನನ್ನ ರುಜು ಇದ್ದ ಕಾಗದ. ಅದನ್ನು ಹಿಡಿದುಕೊಂಡು ಅವರು ನನ್ನ ಕಚೇರಿಗೆ ಬಂದರು. ಬೈಯುತ್ತಾರೆ ಎಂದು ಎದ್ದು ನಿಂತೆ.

"ಕುಂದರ್ರಿ ಸೂಗಪ್ಪನವರ," ಎಂದರು. "ನಿಮ್ಮ ತಪ್ಪು ಅಂತ ಬಂದಿಲ್ಲ. ಈ ಏಕರೂಪ ಅಂದ್ರ ಏನು ಅಂತ ತಿಳ್ಕೊಂಡು ಹೋಗಬೇಕಂತ ಬಂದೀನಿ."

ನಾನು ಹೇಳಿದೆ. ಅವರು ತಲೆಯಾಡಿಸಿ ಎದ್ದು ಹೋದರು. ದಸರೆಗೆ ಮುಂಚೆ ಗಿರಣಿಗೆ ಮತ್ತೆ ಬೀಗ ಬಿತ್ತು. ಯಂತ್ರವನ್ನು ಬಿಚ್ಚಿ ಯಾರೋ ಒಯ್ದರು. ಸಾವುಕಾರರು ಆಮೇಲೆ ನಾಲ್ಕು ವರ್ಷ ಬದುಕಿದ್ದರು. ಎದುರು ಸಿಕ್ಕಾಗ ಆರಾಮೇನ್ರಿ ಎಂದು ಕೇಳುತ್ತಿದ್ದರು, ಹಕ್ಕಿಯ ಮಾತು ಮಾತ್ರ ಮತ್ತೆ ಎತ್ತಲಿಲ್ಲ.

ನನಗೆ ಏನಾಯಿತು ಎಂದು ಕೇಳುತ್ತೀರಿ. ಏನೂ ಆಗಲಿಲ್ಲ. ನಮೂನೆ ತೆಗೆದ ಕ್ರಮ ಸರಿ, ಯಂತ್ರದ ಅಂಕಿ ಸರಿ, ಕಾಗದ ಸರಿ. ಮುಂಬಯಿಯಿಂದ ಬಂದ ತನಿಖಾಧಿಕಾರಿ ನನ್ನ ಬೆನ್ನು ತಟ್ಟಿ ಹೋದ. ಮುನಾಫ್ ಸಾಹೇಬರು ಆಗಲೇ ನಿವೃತ್ತರಾಗಿದ್ದರು. ನಾನೇ ಫೋನು ಮಾಡಿ ನಡೆದದ್ದು ಹೇಳಿದೆ. ಅವರು "ಎರಡನೇ ಸಲ ಕೇಳಿದಿಯೇನು?" ಎಂದರು. "ಇಲ್ಲ ಸಾಹೇಬ್ರ, ಒಂದೇ ತರ ಅದಾವ ಅಂತ ತಿಳ್ಕೊಂಡೆ" ಎಂದೆ. ಅವರಿಗೆ ಹೇಳುವಾಗಲೇ ಅದು ಜೋಕಿನ ರೂಪ ಪಡೆಯತೊಡಗಿತ್ತು. ಅವರು ನಗಲಿಲ್ಲ.

ಆಮೇಲೆ ಪದ್ಧತಿ ಬದಲಾಯಿತು. ಈಗ ನೀವು ಕೈಯಲ್ಲಿ ಟ್ಯಾಬ್ ಹಿಡಿದು ಹೋಗುತ್ತೀರಿ. ಪ್ರತಿ ಚೀಲದ ಫೋಟೋ, ಹೊತ್ತು, ಜಾಗ, ಎಲ್ಲ ತಾನೇ ದಾಖಲಾಗುತ್ತದೆ. ಒಳ್ಳೆಯದೇ. ಬಾಗಿಲ ಬಳಿಯೇ ನಿಂತು ನಮೂನೆ ತೆಗೆದರೆ ಈಗ ಸಿಕ್ಕಿಬೀಳುತ್ತೀರಿ. ಆದರೆ ಅದರಲ್ಲಿ ತುಂಬಬೇಕಾದ ಖಾನೆಗಳನ್ನು ನಾನು ಒಂದೊಂದಾಗಿ ನೋಡಿದ್ದೇನೆ. ಪಕ್ಕದಲ್ಲಿ ನಿಂತವರು ಏನೆಂದರು ಎಂಬುದಕ್ಕೆ ಒಂದು ಖಾನೆಯೂ ಇಲ್ಲ.

ನಿವೃತ್ತನಾದ ಮರುವರ್ಷ ಯಾವುದೋ ಮದುವೆಗೆಂದು ಶಹಾಪುರಕ್ಕೆ ಹೋದವನು, ಕಾಲು ಎಳೆದತ್ತ ನಡೆದು ಹಳೆಯ ಗಿರಣಿಯ ಮುಂದೆ ನಿಂತೆ. ಈಗ ಅದು ಗೋದಾಮು. ಹೊರ ಊರಿನಿಂದ ಪಾಕೀಟು ಬೇಳೆ ಬರುತ್ತದೆ, ಅಲ್ಲಿಂದ ಅಂಗಡಿಗಳಿಗೆ ಹೋಗುತ್ತದೆ. ಒಳಗೆ ಇಬ್ಬರು ಗಂಡಾಳು, ಕಸ ಗುಡಿಸಲು ಒಬ್ಬ ಮುದುಕಿ. ಮೂವತ್ತು ಜನ ಕೂತು ಹಾಡುತ್ತ ಕಾಳು ಆರಿಸುತ್ತಿದ್ದ ಜಾಗ ಅದು. ಮುದುಕಿ ಒಡೆದ ಪಾಕೀಟಿನಿಂದ ಚೆಲ್ಲಿದ ಬೇಳೆಯನ್ನು ಬೊಗಸೆಯಲ್ಲಿ ಎತ್ತಿ ಮೂಸಿ ನೋಡುತ್ತಿದ್ದಳು. ಆ ಕೈಯ ಗುರುತು ಹತ್ತಿತು.

"ಸಾಬಮ್ಮಾ, ನನ್ನ ಗುರುತು ಸಿಕ್ತೇನು?"

"ಸಿಗ್ದೇನ್ರಿ. ಚೀಲಾ ಚುಚ್ಚೋ ಸಾಹೇಬ್ರು." ಪೊರಕೆ ಗೋಡೆಗೆ ಒರಗಿಸಿದಳು. "ಬರ್ರಿ. ಕುಂದ್ರಾಕ ಇಲ್ಲೇನೂ ಇಲ್ಲ, ಚೀಲದ ಮ್ಯಾಲೇ ಕುಂದರ್ರಿ."

ಕೂತೆ. ಅವರಿವರ ಸುದ್ದಿ ಕೇಳಿದೆ. ಜೊತೆಯ ಹೆಂಗಸರಲ್ಲಿ ಇಬ್ಬರು ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೋದವರು ತಿರುಗಿ ಬಂದಿಲ್ಲ. ಒಬ್ಬಾಕೆಯ ಕೈ ಜಲ್ಲಿ ಯಂತ್ರಕ್ಕೆ ಸಿಕ್ಕಿದೆ. ಆಕೆ ಹೇಳುತ್ತ ಹೋದಳು, ನನಗೆ ಕೇಳಲು ಆಗಲಿಲ್ಲ. ಇಷ್ಟು ವರ್ಷ ತುಟಿಯ ಮೇಲೆ ತಯಾರಿದ್ದ ಮಾತನ್ನು ಹೇಳಿಬಿಟ್ಟೆ.

"ಅವತ್ತ ನಿನ್ನ ಮಾತು ನನಗ ಬ್ಯಾರೆ ತಿಳೀತು ಸಾಬಮ್ಮಾ. ನೀ ಒಂದ್ ನಮೂನಿ ಅಂದಿ. ಎಲ್ಲಾ ಒಂದೇ ತರ ಅದಾವ ಅಂತ ನಾ ತಿಳ್ಕೊಂಡೆ."

ಸಾಬಮ್ಮ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಮೊರದಲ್ಲಿ ಕಾಳು ಚಿಮ್ಮಿ ನೋಡುತ್ತಿದ್ದ ಅದೇ ನೋಟ.

"ನಿಮ್ಮೂರು ಯಾವುದ್ರಿ ಸಾಹೇಬ್ರ?"

"ಸುರಪುರ."

"ಸುರಪುರದಾಗ ಜ್ವರಾ ಬರೋ ಮುಂದ ಏನ್ ಅಂತಾರ್ರಿ?"

ನನ್ನವ್ವ ಸಾಯುವ ಹಿಂದಿನ ದಿನ, ಮೈ ಒಂದ್ ನಮೂನಿ ಆಗ್ಯದ ನೋಡಪ್ಪಾ, ಎಂದೇ ಮಲಗಿದ್ದಳು.

"ನಾ ಒಂದ್ ನಮೂನಿ ಅಂದೆ," ಎಂದಳು ಸಾಬಮ್ಮ. "ನೀವು, ಹೌದು, ಒಂದೇ ನಮೂನಿ ಅದಾವ, ಅಂದ್ರಿ. ಸಾವುಕಾರ್ರಿಗೆ ಕೇಳೋಹಂಗ ಜೋರಾಗಿ ಅಂದ್ರಿ. ನನಗ ಇನ್ನೊಮ್ಮೆ ಹೇಳಬೇಕಾಗಿತ್ತು. ಹಿಂದ ತಿರುಗಿ ನೋಡಿದೆ, ಎಲ್ಲಾರೂ ಒಗದ ಸೀರಿ ಉಟ್ಕೊಂಡು ನಿಂತಿದ್ರು. ನಾನೂ ಸುಮ್ನಾದೆ. ನನಗೂ ಮರುದಿನ ಕೆಲಸಾ ಬೇಕಾಗಿತ್ತು." ಪೊರಕೆ ಮತ್ತೆ ಕೈಗೆತ್ತಿಕೊಂಡಳು. "ತಿಳೀಲಿಲ್ಲ ಅಂತ ಮಾತ್ರ ಅನ್ನಬ್ಯಾಡ್ರಿ. ಇಬ್ಬರಿಗೂ ತಿಳಿದಿತ್ತು."

ಜೋಕಿನಲ್ಲಿ ಬಿಟ್ಟದ್ದು ಇದೇ. ಆಕೆಯ 'ಒಂದ್' ಅನ್ನು 'ಒಂದೇ' ಮಾಡಿದ ಒಂದು ಏತ್ವ. ಅದನ್ನು ಯಾರೂ ನನ್ನ ಬಾಯಿಗೆ ಇಡಲಿಲ್ಲ, ನಾನೇ ಸೇರಿಸಿ ಗಟ್ಟಿಯಾಗಿ ಹೇಳಿದೆ. ಸರಕು ವಾಪಸು ಹೋದರೆ ಮತ್ತೊಂದು ಹಡಗು ಬರಲು ತಿಂಗಳು ಬೇಕಿತ್ತು, ಆ ತಿಂಗಳು ಮೂವತ್ತು ಮನೆಯಲ್ಲಿ ದುಡಿಮೆ ಇಲ್ಲ. ಆ ಹೆಂಗಸರ ಮುಖ ನೋಡಿ, ಬೇಡ ಎಂದು ಬರೆಯಲು ನನಗೆ ಧೈರ್ಯವಾಗಲಿಲ್ಲ. ಕರುಣೆ ಎಂದುಕೊಂಡೆ. ಕರುಣೆಯಿಂದ ಹಾಕಿದ ಆ ರುಜು ಅವರಿಗೆ ಒಂದು ಮಳೆಗಾಲದ ಕೂಲಿ ಕೊಟ್ಟು, ಉಳಿದ ಜೀವಮಾನದ್ದನ್ನು ಕಿತ್ತುಕೊಂಡಿತು. ಒಂದು ತಿಂಗಳು ಕಾದಿದ್ದರೆ ಗಿರಣಿ ಉಳಿಯುತ್ತಿತ್ತೋ ಇಲ್ಲವೋ, ದೇವರಾಣೆ ಗೊತ್ತಿಲ್ಲ. ಸಾವುಕಾರರು ಏಕರೂಪ ಅಂದರೆ ಏನು ಎಂದು ಕೇಳಲು ಬಂದಾಗಲೂ ನಾನು ಅದರ ಅರ್ಥ ಹೇಳಿದೆನೇ ಹೊರತು ಸಾಬಮ್ಮನ ಹೆಸರು ಎತ್ತಲಿಲ್ಲ. ಅದಕ್ಕೆ ಕರುಣೆಯ ನೆಪವೂ ಇಲ್ಲ.

ಪುಸ್ತಿಕೆಯ ಕೊನೆಗೆ ಮಾದರಿ ವರದಿಯೊಂದನ್ನು ಸೇರಿಸಿ ಎಂದು ಕಂಪನಿಯವರು ಕೇಳಿದ್ದಾರೆ. ಆ ದಿನದ ವರದಿಯನ್ನೇ ತಿದ್ದಿ ಕೊಡುತ್ತಿದ್ದೇನೆ. ತೇವ, ಹುಳ, ಕಲ್ಲು, ಎಲ್ಲ ಅಂಕಿಗಳೂ ಹಾಗೇ ಇರಲಿ. ಕೆಳಗೆ ರುಜುವಿಗೆ ಮುಂಚೆ ಎರಡು ಸಾಲು ಸೇರಿಸಿಕೊಳ್ಳಿ:

ಸರಕು ಒಂದು ನಮೂನಿ ಇದೆ ಎಂದು ಕಾಳು ಆರಿಸುವ ಸಾಬಮ್ಮ ಹೇಳಿದಳು.
ನನಗೆ ತಿಳಿಯಿತು.